ವಾರಾಂತ್ಯದ ರೈಫಲ್ ತರಬೇತಿಗೆ ಮೊದಲ ಬಾರಿ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಶನಿವಾರ, ಭಾನುವಾರದ ಎರಡು ದಿನಗಳ ರೈಫಲ್ ತರಬೇತಿಗೆ ಹೆಸರು ಬರೆಸಿದವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಎರಡು ದಿನ ಮುಗಿಯುವಷ್ಟರಲ್ಲಿ ನಡುವಿನ ಚುಕ್ಕೆಗೆ ಹೊಡೆಯಲು ಬರುತ್ತದೆಯೇ? ನಾನು ತುಮಕೂರಿನಲ್ಲಿ ಈ ಆಟ ಕಲಿತವನು. ಈಗ ಹೊಸಬರ ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಕೆಲಸವನ್ನೂ ಮಾಡುತ್ತೇನೆ. ನಾನು ಕೊಡುವ ಉತ್ತರ ಅವರಿಗೆ ಸ್ವಲ್ಪ ನಿರಾಸೆಯನ್ನೇ ತರುತ್ತದೆ. ಮೊದಲ ವಾರಾಂತ್ಯದಲ್ಲಿ ನಡುವಿನ ಚುಕ್ಕೆಯನ್ನು ಮರೆತುಬಿಡಿ. ಹೊಡೆದ ಐದು ಗುಂಡುಗಳೂ ಒಂದೇ ಕಡೆ ಬೀಳುವಂತೆ ಮಾಡಿಕೊಳ್ಳಿ, ಅದು ಕಾಗದದ ಯಾವ ಮೂಲೆಯಾದರೂ ಚಿಂತೆಯಿಲ್ಲ. ಒಂದೇ ಕಡೆ ಬೀಳುವ ಗುಂಡುಗಳನ್ನು ನಡುವಿಗೆ ತರುವುದು ಸೈಟ್‌ನ, ಅಂದರೆ ರೈಫಲ್ ಮೇಲಿರುವ ಗುರಿ ನೋಡುವ ಸಾಧನದ, ತಿರುಪು ಮಾಡುವ ಕೆಲಸ. ಚದುರಿ ಬೀಳುವ ಗುಂಡುಗಳನ್ನು ಒಂದೆಡೆ ಸೇರಿಸುವುದು ಮಾತ್ರ ನಿಮ್ಮ ಕಾಲು, ಸೊಂಟ, ಉಸಿರು ಮತ್ತು ಬೆರಳಿನ ಕೆಲಸ.

ಯಾವ ತರಬೇತಿ ಎಂಬುದನ್ನು ಮೊದಲು ತಿಳಿದುಕೊಳ್ಳಿ

ನಮ್ಮ ಕಡೆ 'ರೈಫಲ್ ತರಬೇತಿ' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಲಿಕೆಗಳು ನಡೆಯುತ್ತವೆ. ಮೊದಲನೆಯದು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ. ಶಸ್ತ್ರಾಸ್ತ್ರವನ್ನು ಅಪಾಯವಿಲ್ಲದಂತೆ ಹಿಡಿಯುವುದು, ತುಂಬುವುದು, ಖಾಲಿ ಮಾಡುವುದು ಮತ್ತು ಹಾರಿಸುವುದನ್ನು ಅಲ್ಲಿ ಹೇಳಿಕೊಡುತ್ತಾರೆ. ತೋಟದ ಕಾವಲಿಗಾಗಿಯೋ ಬೇರೆ ಕಾರಣಕ್ಕೋ ಬಂದೂಕು ಪರವಾನಗಿ ಕೇಳುವವರಿಗೆ ಅದು ಉಪಯುಕ್ತ. ಎರಡನೆಯದು ಕ್ರೀಡೆಯಾಗಿ ಕಲಿಸುವ 10 ಮೀಟರ್ ಏರ್ ರೈಫಲ್. ಈ ಬರಹ ಎರಡನೆಯದನ್ನು ಕುರಿತದ್ದು, ಆದರೂ ಸುರಕ್ಷತೆಯ ಭಾಗ ಎರಡಕ್ಕೂ ಅಷ್ಟೇ ಅನ್ವಯಿಸುತ್ತದೆ.

ಏರ್ ರೈಫಲ್‌ನಲ್ಲಿ ಮದ್ದು ಇರುವುದಿಲ್ಲ. ಒತ್ತಿ ತುಂಬಿದ ಗಾಳಿಯೇ 4.5 ಮಿ.ಮೀ. ವ್ಯಾಸದ ಸೀಸದ ಪೆಲೆಟ್ ಅನ್ನು ತಳ್ಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಮದ್ದಿನಿಂದ ಗುಂಡು ಹಾರಿಸುವ .22 ರೈಫಲ್‌ಗೆ ಬೇಕು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವರು .22 ಹಾರಿಸಿರುತ್ತಾರೆ, ಅವರು 'ಇದು ಗಾಳಿ ಬಂದೂಕು ತಾನೆ' ಎಂದು ಹಗುರವಾಗಿ ಕಾಣಬಾರದು. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಉಳಿಯುವುದಿಲ್ಲ.

ಹಣ ಕಟ್ಟುವ ಮುಂಚೆ ಒಂದು ದಿನ ರೇಂಜ್‌ಗೆ (ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗಕ್ಕೆ) ಹೋಗಿ ಹಿಂದೆ ನಿಂತು ಅರ್ಧ ಗಂಟೆ ನೋಡಿ. ಒಬ್ಬ ಕೋಚ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ, ಟಾರ್ಗೆಟ್ ಬದಲಿಸಲು ಯಾರಾದರೂ ಮುಂದೆ ಹೋದಾಗ ಉಳಿದವರ ರೈಫಲ್‌ಗಳು ಮೇಜಿನ ಮೇಲೆ ಇರುತ್ತವೆಯೋ ಕೈಯಲ್ಲಿ ಇರುತ್ತವೆಯೋ ಎಂಬುದನ್ನು ಗಮನಿಸಿ. ನಾನು ಹೋಗಿದ್ದ ಒಂದು ಕಡೆ ಹುಡುಗರು ಫೋಟೊಗಾಗಿ ರೈಫಲ್ ಅನ್ನು ಒಬ್ಬರ ಕಡೆಗೊಬ್ಬರು ತಿರುಗಿಸುತ್ತಿದ್ದರು, ನಡೆಸುವವರು ನೋಡಿಯೂ ಸುಮ್ಮನಿದ್ದರು. ಕಟ್ಟಿದ ಹಣವನ್ನು ಬಿಟ್ಟು ಅಂದೇ ಹೊರಗೆ ಬಂದೆ. ನೀವೂ ಹಾಗೆಯೇ ಮಾಡಬೇಕೆಂದು ಹೇಳುತ್ತೇನೆ. ಊರಿನಲ್ಲಿ ತಕ್ಕ ಜಾಗ ಸಿಗದಿದ್ದರೆ ಬೆಂಗಳೂರು 70 ಕಿ.ಮೀ. ದೂರವಷ್ಟೇ, ರಾಜ್ಯ ರೈಫಲ್ ಸಂಸ್ಥೆ ಇರುವುದೂ ಅಲ್ಲಿಯೇ.

ಶುಲ್ಕದಲ್ಲಿ ಏನೇನು ಸೇರಿದೆ ಎಂದು ಬಾಯಿಬಿಟ್ಟು ಕೇಳಿ: ರೈಫಲ್ ಬಾಡಿಗೆ, ಪೆಲೆಟ್, ಟಾರ್ಗೆಟ್ ಕಾಗದ, ಜಾಕೆಟ್. ಆಧಾರ್ ಪ್ರತಿ ಮತ್ತು ಎರಡು ಭಾವಚಿತ್ರಗಳನ್ನು ಇಟ್ಟುಕೊಂಡಿರಿ. ಮಕ್ಕಳಾದರೆ ತಂದೆ ಅಥವಾ ತಾಯಿ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕಾಗುತ್ತದೆ. ಸ್ವಂತ ರೈಫಲ್ ಕೊಳ್ಳುವ ಯೋಚನೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿ. ದೇಹದ ಅಳತೆಗೆ ಹೊಂದುವ ರೈಫಲ್ ಯಾವುದು ಎಂಬುದು ಮೊದಲು ನಾಲ್ಕಾರು ಬಗೆಯವನ್ನು ಹಿಡಿದು ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ವಯಸ್ಸಾಯಿತು, ಮಂಡಿ ನೋವಿದೆ, ಕನ್ನಡಕವಿದೆ ಎಂದು ಹಿಂಜರಿಯುವ ಅಗತ್ಯವಿಲ್ಲ. ಅವನಿ ಲೇಖರಾ ಗಾಲಿಕುರ್ಚಿಯಲ್ಲಿ ಕುಳಿತೇ ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳೆರಡರಲ್ಲೂ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು. ಕನ್ನಡಕವಿದ್ದವರು ಅದನ್ನು ಹಾಕಿಕೊಂಡೇ ಬನ್ನಿ.

ಹಿಂದಿನ ದಿನ ಮತ್ತು ಶನಿವಾರ ಬೆಳಿಗ್ಗೆ

ಪಾದಕ್ಕೆ ಗಟ್ಟಿಯಾಗಿ ಕೂರುವ, ಅಡಿ ಚಪ್ಪಟೆಯಾಗಿರುವ ಶೂ ಹಾಕಿಕೊಳ್ಳಿ. ಓಡುವುದಕ್ಕೆಂದು ಮಾಡಿದ ಮೆತ್ತನೆಯ ಶೂಗಳು ನಿಂತಲ್ಲೇ ತೂಗಾಡಿಸುತ್ತವೆ. ಚಪ್ಪಲಿಯಂತೂ ಬೇಡವೇ ಬೇಡ. ಮೈಗೆ ಹೊಂದುವ ಪ್ಯಾಂಟ್, ಕೊರಳು ಮುಚ್ಚುವ ಟೀ ಶರ್ಟ್ ಸಾಕು. ದುಪಟ್ಟಾ, ಸಡಿಲ ತೋಳು ಮತ್ತು ಬಳೆ ಅಡ್ಡಿಯಾಗುತ್ತವೆ, ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿರಬೇಕು. ದಪ್ಪ ಕ್ಯಾನ್ವಾಸ್ ಜಾಕೆಟ್ ಕೊಟ್ಟರೆ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೇ ಬೆವರು ಇಳಿಯುತ್ತದೆ, ಆದ್ದರಿಂದ ಒಂದು ಟವೆಲ್ ಮತ್ತು ನೀರಿನ ಬಾಟಲಿ ಜೊತೆಯಲ್ಲಿರಲಿ.

ತಿಂಡಿಯ ವಿಷಯದಲ್ಲಿ ನಮ್ಮ ಊರಿನವರಿಗೆ ಒಂದು ಮಾತು ಹೇಳಲೇಬೇಕು. ಶಿರಾ, ಗುಬ್ಬಿ, ಮಧುಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೇ ಹೋಗೋಣ ಎನ್ನುತ್ತಾರೆ. ಒಂದು ಇಡ್ಲಿ ತಿನ್ನಿ, ಮೂರು ಬೇಡ. ಮೇಲೆ ಎರಡು ಲೋಟ ಸ್ಟ್ರಾಂಗ್ ಕಾಫಿಯೂ ಬೇಡ. ಹೊಟ್ಟೆ ಬಿರಿಯುವಷ್ಟು ತಿಂದರೆ ಉಸಿರು ಮೇಲುಮೇಲೆ ಆಡುತ್ತದೆ, ಕಾಫಿ ಹೆಚ್ಚಾದರೆ ನಾಡಿಯ ಬಡಿತ ಸೈಟ್‌ನಲ್ಲೇ ಕಾಣುತ್ತದೆ. ಖಾಲಿ ಹೊಟ್ಟೆಯೂ ಕೈ ನಡುಗಿಸುತ್ತದೆ.

ಯಾವ ಕಣ್ಣು ನಿಮ್ಮ ಮುಖ್ಯ ಕಣ್ಣು ಎಂಬುದನ್ನು ಮನೆಯಲ್ಲೇ ಕಂಡುಕೊಂಡು ಬನ್ನಿ. ಎರಡೂ ಕೈಗಳನ್ನು ಮುಂದೆ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ಕಂಬವನ್ನು ಆ ಕಿಂಡಿಯಲ್ಲಿ ಹಿಡಿಯಿರಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಕಂಬ ಕಿಂಡಿಯಲ್ಲೇ ನಿಲ್ಲುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಬಲಗೈಯವರಾಗಿದ್ದು ಎಡಗಣ್ಣು ಮುಖ್ಯವಾಗಿದ್ದರೆ ಕೋಚ್‌ಗೆ ಮೊದಲೇ ಹೇಳಿ. ಆ ಕಣ್ಣಿನ ಮುಂದೆ ಸಣ್ಣ ಮರೆಪಟ್ಟಿ ಕಟ್ಟುತ್ತಾರೆ ಅಥವಾ ಎಡಭುಜಕ್ಕೆ ಹಿಡಿಯಲು ಕಲಿಸುತ್ತಾರೆ. ಇದನ್ನು ಹೇಳದೆ ಇಡೀ ಶನಿವಾರ ಗುಂಡು ಎಲ್ಲೆಲ್ಲೋ ಹೋಗುತ್ತಿದೆ ಎಂದು ಕಂಗೆಟ್ಟವರನ್ನು ನಾನು ಕಂಡಿದ್ದೇನೆ.

ಸುರಕ್ಷತೆ: ಮೊದಲ ಎರಡು ಗಂಟೆ

ಒಳ್ಳೆಯ ತರಬೇತಿಯಲ್ಲಿ ಮೊದಲ ಎರಡು ಗಂಟೆ ಒಂದು ಗುಂಡನ್ನೂ ಹಾರಿಸಲು ಬಿಡುವುದಿಲ್ಲ. ನಾಲ್ಕು ನಿಯಮಗಳನ್ನು ಬಾಯಲ್ಲಿ ಹೇಳಿಸಿ, ಕೈಯಲ್ಲಿ ಮಾಡಿಸಿ, ಮತ್ತೆ ಹೇಳಿಸುತ್ತಾರೆ. ಪ್ರತಿ ರೈಫಲ್ ಅನ್ನೂ ತುಂಬಿದೆ ಎಂದೇ ಭಾವಿಸಬೇಕು. ನಳಿಕೆಯ ಮೂತಿ ಸದಾ ಟಾರ್ಗೆಟ್‌ನ ಕಡೆಗೇ ಇರಬೇಕು. ಸೈಟ್ ಗುರಿಯ ಮೇಲೆ ಬಂದು ಹಾರಿಸಲು ನಿರ್ಧರಿಸುವವರೆಗೆ ಬೆರಳು ಟ್ರಿಗರ್‌ನ ಹೊರಗಿರಬೇಕು. ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು.

ಇವು ನಾಲ್ಕೂ ಕೇಳುವಾಗ ಸುಲಭ. ನನ್ನ ಮೊದಲ ದಿನ ನಾನು ಲೇನ್‌ನಲ್ಲಿ (ಒಬ್ಬೊಬ್ಬರು ನಿಂತು ಹೊಡೆಯುವ ಸಾಲಿನಲ್ಲಿ) ರೈಫಲ್ ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ ನನ್ನ ಹೆಸರು ಕರೆದರು. ಕರೆದ ಕಡೆ ತಿರುಗುವುದು ನಾವು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಅಭ್ಯಾಸ. ನಾನು ತಿರುಗಿದೆ, ರೈಫಲ್ ಕೂಡ ನನ್ನೊಂದಿಗೆ ತಿರುಗಿತು. ಕೋಚ್ ಎರಡು ಹೆಜ್ಜೆಯಲ್ಲಿ ಬಂದು ನಳಿಕೆಯನ್ನು ಅಂಗೈಯಿಂದ ಹಿಡಿದು ಮೆಲ್ಲಗೆ ಟಾರ್ಗೆಟ್‌ನ ಕಡೆಗೆ ತಿರುಗಿಸಿದರು. ಬೈಯಲಿಲ್ಲ. 'ಯಾರೇ ಕರೀಲಿ, ಮೊದಲು ಮೇಜಿನ ಮೇಲಿಡಿ, ಆಮೇಲೆ ತಿರುಗಿ' ಎಂದಷ್ಟೇ ಹೇಳಿದರು. ರೈಫಲ್‌ನಲ್ಲಿ ಪೆಲೆಟ್ ಇರಲಿಲ್ಲ, ಆದರೆ ಅದು ಇರಲಿಲ್ಲ ಎಂಬುದು ಆ ಕ್ಷಣದಲ್ಲಿ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಇಂದಿಗೂ ನಾನು ಹೊಸಬರಿಗೆ ಮೊದಲು ಕಲಿಸುವುದು ಇದನ್ನೇ: ಇಡಿ, ಆಮೇಲೆ ತಿರುಗಿ. ಮನೆಯಲ್ಲಿ ಒಂದು ಕೋಲು ಹಿಡಿದು, ಯಾರಿಂದಲಾದರೂ ಹೆಸರು ಕರೆಸಿಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ನಷ್ಟವಿಲ್ಲ.

ರೇಂಜ್‌ನಲ್ಲಿ ಆಜ್ಞೆಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. 'ಲೋಡ್' ಎಂದಾಗ ತುಂಬಬೇಕು, 'ಸ್ಟಾರ್ಟ್' ಎಂದಾಗ ಹಾರಿಸಬಹುದು, 'ಸ್ಟಾಪ್' ಎಂದರೆ ಟ್ರಿಗರ್ ಅರ್ಧ ಒತ್ತಿದ್ದರೂ ಅಲ್ಲಿಯೇ ಬಿಟ್ಟು ಬೆರಳು ಹೊರಗೆ ತೆಗೆಯಬೇಕು, 'ಅನ್‌ಲೋಡ್' ಎಂದಾಗ ಖಾಲಿ ಮಾಡಿ ತೋರಿಸಬೇಕು. ಖಾಲಿ ಮಾಡಿದ ಮೇಲೆ ನಳಿಕೆಯ ಉದ್ದಕ್ಕೂ ಎದ್ದು ಕಾಣುವ ಬಣ್ಣದ ದಾರವನ್ನು ತೂರಿಸುತ್ತಾರೆ. ಎರಡೂ ತುದಿಯಲ್ಲಿ ದಾರ ಕಂಡರೆ ಒಳಗೆ ಪೆಲೆಟ್ ಇಲ್ಲವೆಂದು ದೂರದಿಂದಲೇ ತಿಳಿಯುತ್ತದೆ. 'ಸ್ಟಾಪ್' ಎಂದು ಕೂಗುವ ಹಕ್ಕು ಎಲ್ಲರಿಗೂ ಇದೆ. ಅಪಾಯ ಕಂಡರೆ ಹೊಸಬರೆಂದು ಸಂಕೋಚಪಡದೆ ಕೂಗಿ.

ಪೆಲೆಟ್ ಸೀಸದ್ದು ಎಂಬುದನ್ನು ಮರೆಯಬೇಡಿ. ಅದನ್ನು ಬಾಯಲ್ಲಿ ಇಟ್ಟುಕೊಳ್ಳಬಾರದು, ಲೇನ್‌ನಲ್ಲಿ ನಿಂತು ಬಿಸ್ಕತ್ತು ತಿನ್ನಬಾರದು, ಊಟಕ್ಕೆ ಹೋಗುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು.

ನಿಲುವು: ಕಾಲಿನಿಂದ ಮೇಲಕ್ಕೆ

ಹತ್ತು ಮೀಟರ್ ಎಂದರೆ ನಮ್ಮ ಸಾರಿಗೆ ಬಸ್ಸಿನ ಉದ್ದಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ದೂರದಲ್ಲಿರುವ ಟಾರ್ಗೆಟ್‌ನ ಹೊರಗಿನ ಉಂಗುರದ ವ್ಯಾಸ 45.5 ಮಿ.ಮೀ., ಕಪ್ಪು ಭಾಗ 30.5 ಮಿ.ಮೀ., ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಅಂದರೆ ಒಂದು ರಾಗಿ ಕಾಳಿಗಿಂತಲೂ ಚಿಕ್ಕದು. ಪೆಲೆಟ್‌ನ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುತ್ತದೆ ಎಂಬುದೊಂದೇ ಸಮಾಧಾನ. ಕಣ್ಣಿನ ಬಳಿಯ ಸೈಟ್‌ಗೂ ನಳಿಕೆಯ ತುದಿಯ ಸೈಟ್‌ಗೂ ಸುಮಾರು 80 ಸೆಂ.ಮೀ. ಅಂತರವಿದ್ದರೆ, ಮುಂದಿನ ಸೈಟ್ 1 ಮಿ.ಮೀ. ಸರಿದಾಗ ಟಾರ್ಗೆಟ್‌ನಲ್ಲಿ ಗುಂಡು 12 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಒಂದು ಉಂಗುರದಿಂದ ಇನ್ನೊಂದಕ್ಕೆ ಇರುವುದು 2.5 ಮಿ.ಮೀ. ಮಾತ್ರ, ಹಾಗಾಗಿ ಹತ್ತಕ್ಕೆ ಹೋಗಬೇಕಿದ್ದ ಗುಂಡು ಐದಕ್ಕೆ ಹೋಗಿ ಬೀಳುತ್ತದೆ. ತೋಳಿನ ಬಲದಿಂದ ರೈಫಲ್ ಹಿಡಿದು ಈ 1 ಮಿ.ಮೀ. ಅನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಬಿಗಿದ ಸ್ನಾಯು ನಡುಗಿಯೇ ನಡುಗುತ್ತದೆ. ರೈಫಲ್‌ನ ಭಾರ ಮೂಳೆಗಳ ಮೇಲೆ ಕೂರಬೇಕು. ನಿಲುವು ಎಂದರೆ ಇದೇ.

ಬಲಗೈಯವರು ಟಾರ್ಗೆಟ್‌ಗೆ ಎಡಪಕ್ಕ ತೋರಿಸಿ ನಿಲ್ಲಬೇಕು. ಪಾದಗಳ ನಡುವೆ ಭುಜದಷ್ಟು ಅಗಲವಿರಲಿ, ಮಂಡಿಗಳು ನೇರವಾಗಿದ್ದರೂ ಸೆಟೆದಿರಬಾರದು. ಎಡ ಸೊಂಟವನ್ನು ಸ್ವಲ್ಪ ಟಾರ್ಗೆಟ್‌ನ ಕಡೆಗೆ ತಳ್ಳಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಅಥವಾ ಪಕ್ಕೆಲುಬಿಗೆ ಊರಿ, ಆ ಕೈಯ ಮೇಲೆ ರೈಫಲ್ ಅನ್ನು ಕೂರಿಸಬೇಕು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಬರುವವರನ್ನು ನೋಡಿದ್ದರೆ ಇದು ಕೂಡಲೇ ಅರ್ಥವಾಗುತ್ತದೆ: ಅಲ್ಲಿ ಭಾರ ಹೊರುವುದು ಸೊಂಟ, ಕೈ ಬರಿಯ ಆಸರೆ. ರೈಫಲ್‌ನ ತೂಕಕ್ಕೆ ಎದುರಾಗಿ ಬೆನ್ನು ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಬಲಗೈ ಹಿಡಿಯನ್ನು ಮೃದುವಾಗಿ ಹಿಡಿದಿರಬೇಕು. ತಲೆಯನ್ನು ರೈಫಲ್‌ನ ಕಡೆಗೆ ಬಗ್ಗಿಸಬೇಡಿ, ರೈಫಲ್ ಅನ್ನೇ ಕಣ್ಣಿನ ಮಟ್ಟಕ್ಕೆ ತಂದು ಕೆನ್ನೆಯನ್ನು ಪ್ರತಿ ಸಲವೂ ಅದೇ ಜಾಗಕ್ಕೆ ಒರಗಿಸಿ.

ಈಗ ಮೊದಲ ದಿನದ ಅತ್ಯಂತ ಮುಖ್ಯ ಪರೀಕ್ಷೆ. ರೈಫಲ್ ಗುರಿಗೆ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಹೋಗಿದ್ದರೆ, ಆ ಕಡೆ ನೋಡುವುದೇ ನಿಮ್ಮ ದೇಹದ ಸಹಜ ನಿಲುವು ಎಂದರ್ಥ. ಕೈಯಿಂದ ಎಳೆದು ಸರಿಪಡಿಸಿದರೆ ಟ್ರಿಗರ್ ಒತ್ತುವ ಕ್ಷಣದಲ್ಲಿ ದೇಹ ಮತ್ತೆ ತನ್ನ ಜಾಗಕ್ಕೇ ಹೋಗುತ್ತದೆ. ಕೈಯನ್ನು ಹಾಗೆಯೇ ಬಿಟ್ಟು, ಹಿಂದಿನ ಪಾದವನ್ನು ಒಂದೆರಡು ಬೆರಳಷ್ಟು ಸರಿಸಿ, ಮತ್ತೆ ಕಣ್ಣು ಮುಚ್ಚಿ ನೋಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕಣ್ಣು ತೆರೆದಾಗ ಕಪ್ಪು ವೃತ್ತ ತಾನಾಗಿಯೇ ಎದುರಿಗೆ ಬಂದು ನಿಂತಿರುತ್ತದೆ. ಬಳಿಕ ಪಾದದ ಸುತ್ತ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಇಷ್ಟಕ್ಕೆ ಅರ್ಧ ಗಂಟೆ ಹಿಡಿದರೂ ಆ ಸಮಯ ವ್ಯರ್ಥವಲ್ಲ.

ನೋಟ, ಉಸಿರು, ಬೆರಳು

ಹಿಂದಿನ ಸೈಟ್ ಒಂದು ಸಣ್ಣ ರಂಧ್ರ, ಮುಂದಿನದು ಒಂದು ಉಂಗುರ. ರಂಧ್ರದ ನಡುವೆ ಉಂಗುರ, ಉಂಗುರದ ನಡುವೆ ಕಪ್ಪು ವೃತ್ತ, ಇವೆಲ್ಲದರ ಸುತ್ತ ಸಮನಾದ ಬಿಳಿ ಅಂಚು ಕಾಣಬೇಕು. ನೋಟವನ್ನು ಮುಂದಿನ ಉಂಗುರದ ಮೇಲೆ ನಿಲ್ಲಿಸಿ. ಕಪ್ಪು ವೃತ್ತ ಸ್ವಲ್ಪ ಮಸುಕಾದರೆ ಆಗಲಿ. ಅದು ನಿಶ್ಚಲವಾಗಿಯೂ ನಿಲ್ಲುವುದಿಲ್ಲ, ಒಲಿಂಪಿಕ್ ಆಟಗಾರರಿಗೂ ಅಷ್ಟಿಷ್ಟು ಅಲುಗುತ್ತದೆ. ಅಲುಗಾಟವನ್ನು ಒಪ್ಪಿಕೊಳ್ಳದೆ 'ಈಗ ನಡುವಿಗೆ ಬಂತು' ಎಂದು ಟ್ರಿಗರ್ ಅನ್ನು ಥಟ್ಟನೆ ಎಳೆಯುವುದೇ ಹೊಸಬರ ಗುಂಡುಗಳು ಚದುರಲು ಬಹುಪಾಲು ಕಾರಣ.

ಎರಡು ಮೂರು ಸಲ ನಿಧಾನವಾಗಿ ಉಸಿರಾಡಿ, ಉಸಿರು ಬಿಡುತ್ತಾ ರೈಫಲ್ ಅನ್ನು ಗುರಿಗೆ ಇಳಿಸಿ, ಉಸಿರು ತಾನಾಗಿಯೇ ನಿಲ್ಲುವ ಸಣ್ಣ ಬಿಡುವಿನಲ್ಲಿ ಹೊಡೆಯಿರಿ. ಆರರಿಂದ ಎಂಟು ಸೆಕೆಂಡಿನ ಒಳಗೆ ಗುಂಡು ಹೋಗಬೇಕು. ಅದಕ್ಕೂ ಹೆಚ್ಚು ಹೊತ್ತು ಹಿಡಿದರೆ ಕಣ್ಣು ಹಳೆಯ ಚಿತ್ರವನ್ನೇ ತೋರಿಸತೊಡಗುತ್ತದೆ, ಮೈ ನಡುಗತೊಡಗುತ್ತದೆ. ಆಗ ರೈಫಲ್ ಇಳಿಸಿ ಮತ್ತೆ ಆರಂಭಿಸಿ. ಹೊಡೆಯದೆ ಇಳಿಸುವುದಕ್ಕೆ ಹೊಸಬರು ನಾಚಿಕೊಳ್ಳುತ್ತಾರೆ. ನಾನು ಮಾತ್ರ ಶನಿವಾರ ಮಧ್ಯಾಹ್ನ ಯಾರು ಹೆಚ್ಚು ಸಲ ಇಳಿಸುತ್ತಾರೋ ಅವರನ್ನೇ ಗಮನವಿಟ್ಟು ನೋಡುತ್ತೇನೆ, ಏಕೆಂದರೆ ಭಾನುವಾರದ ಹೊತ್ತಿಗೆ ಅವರ ಕಾಗದ ಬೇರೆಯೇ ಆಗಿರುತ್ತದೆ.

ಟ್ರಿಗರ್‌ಗೆ ಎರಡು ಹಂತಗಳಿರುತ್ತವೆ. ಮೊದಲ ಹಂತ ಸಡಿಲವಾಗಿ ಹಿಂದೆ ಬಂದು ಒಂದು ಸಣ್ಣ ತಡೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಕೂದಲೆಳೆಯ ಒತ್ತಡ ಸಾಕು. ತೋರುಬೆರಳಿನ ತುದಿಯ ಮೆತ್ತನೆಯ ಭಾಗದಿಂದ ನೇರವಾಗಿ ಹಿಂದಕ್ಕೆ ಒತ್ತಬೇಕು. ಇದನ್ನು ಕಲಿಸಲು ಕೋಚ್ ಪೆಲೆಟ್ ಇಲ್ಲದ ರೈಫಲ್‌ನ ನಳಿಕೆಯ ಮೇಲೆ, ಮುಂದಿನ ಸೈಟ್‌ನ ಹಿಂದೆ, ಒಂದು ರೂಪಾಯಿ ನಾಣ್ಯ ಇಡುತ್ತಾರೆ. ಟ್ರಿಗರ್ ಒತ್ತಿದಾಗ ಒಳಗೆ 'ಟಕ್' ಎಂಬ ಸದ್ದು ಕೇಳಬೇಕು, ನಾಣ್ಯ ಮಾತ್ರ ಬೀಳಬಾರದು. ಮೊದಮೊದಲು ಅದು ನೆಲಕ್ಕೆ ಬಿದ್ದು ಉರುಳಿಕೊಂಡು ಮೇಜಿನ ಕೆಳಗೆ ಹೋಗುತ್ತದೆ. ಹತ್ತು ಸಲ ಬೀಳದೆ ನಿಂತ ಮೇಲೆ ಪೆಲೆಟ್ ಕೇಳಿ. ಗುಂಡು ಹೋದ ಮೇಲೂ ಒಂದೆರಡು ಸೆಕೆಂಡು ಹಾಗೆಯೇ ನೋಡುತ್ತಾ ನಿಲ್ಲಿ, ಬೇಗ ತಲೆ ಎತ್ತಬೇಡಿ.

ಮೊದಲ ಐದು ಗುಂಡುಗಳು

ಮೊದಲು ಮೇಜಿನ ಮೇಲೆ ಮರಳಿನ ಚೀಲಕ್ಕೆ ರೈಫಲ್ ಒರಗಿಸಿ ಹೊಡೆಸುತ್ತಾರೆ. ಐದು ಗುಂಡು ಹೊಡೆದು, ಸೈಟ್ ಮುಟ್ಟದೆ, ಕಾಗದ ತರಿಸಿ ನೋಡಿ. ಒಂದು ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ.; ಐದೂ ತೂತುಗಳು ಆ ನಾಣ್ಯದ ಕೆಳಗೆ ಮುಚ್ಚಿಹೋದರೆ ಬಹಳ ಚೆನ್ನಾಗಿದೆ.

ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಕಾಗದವನ್ನು ಕೈಯಲ್ಲಿ ಹಿಡಿದು ಬೇಸರದಿಂದ ಬಂದರು. ಕಪ್ಪು ವೃತ್ತದಲ್ಲಿ ಒಂದೂ ತೂತಿರಲಿಲ್ಲ. ಕೆಳಗೆ ಎಡಮೂಲೆಯ ಬಿಳಿಯಲ್ಲಿ ಐದೂ ಸೇರಿ ಅವರೆಕಾಳಿನಷ್ಟು ದೊಡ್ಡ, ಅಂಚು ಹರಿದ ಒಂದೇ ತೂತಾಗಿತ್ತು. 'ಏನೂ ತಾಗಲಿಲ್ಲ' ಎಂದರು. ಪಕ್ಕದ ಹುಡುಗನ ಕಾಗದದಲ್ಲಿ ಒಂದು ಹತ್ತು, ಒಂದು ಎರಡು, ಒಂದು ಏಳು ಇದ್ದವು, ಇನ್ನೆರಡು ಕಾಗದದ ಹೊರಗೆ ಹೋಗಿದ್ದವು; ಅವನು ಹತ್ತನ್ನು ಎಲ್ಲರಿಗೂ ತೋರಿಸುತ್ತಿದ್ದ. ಕೋಚ್ ಆ ತಾಯಿಯ ಹಿಂದಿನ ಸೈಟ್ ಅನ್ನು ಕೆಲವು ಕ್ಲಿಕ್ ಮೇಲಕ್ಕೂ ಬಲಕ್ಕೂ ತಿರುಗಿಸಿದರು. ಮುಂದಿನ ಐದು ಗುಂಡುಗಳು ಎಂಟು, ಒಂಬತ್ತರ ನಡುವೆ ಬಂದವು. ನಿಯಮ ಇಷ್ಟೇ: ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟ್ ಅನ್ನು ಆ ಕಡೆಗೇ ಸರಿಸಬೇಕು. ಒಂದೊಂದು ಗುಂಡಿಗೂ ಸೈಟ್ ತಿರುಗಿಸುವವರಿಗೆ ಮಾತ್ರ ಸಂಜೆಯವರೆಗೂ ನೆಲೆ ಸಿಗುವುದಿಲ್ಲ.

ಭಾನುವಾರ

ಎರಡನೆಯ ದಿನ ಬೆಳಿಗ್ಗೆ ಎಡ ಭುಜ ಮತ್ತು ಬೆನ್ನಿನ ಕೆಳಭಾಗ ನೋಯುತ್ತವೆ, ಅದು ಸಹಜ. ತಿರುಚುವಂಥ, ಚಿವುಟುವಂಥ ನೋವಿದ್ದರೆ ನಿಲುವು ತಪ್ಪಿದೆ ಎಂದು ತಿಳಿದು ಕೋಚ್‌ಗೆ ಹೇಳಿ. ನಿಂತು ಹೊಡೆಯುವಾಗ ನಿನ್ನೆ ನಾಣ್ಯದಷ್ಟಿದ್ದ ಗುಂಪು ಅಂಗೈಯಷ್ಟು ಅಗಲವಾದರೆ ಧೃತಿಗೆಡಬೇಡಿ. ಆಸರೆ ತೆಗೆದ ಮೇಲೆ ಎಲ್ಲರಿಗೂ ಹಾಗೆಯೇ ಆಗುತ್ತದೆ. ಹತ್ತು ಗುಂಡಿಗೊಮ್ಮೆ ಕುಳಿತು ನೀರು ಕುಡಿಯಿರಿ. ದಿನಕ್ಕೆ ಅರವತ್ತು ಗುಂಡು ಹೊಸಬರಿಗೆ ಸಾಕು, ಸ್ಪರ್ಧೆಯಲ್ಲೂ ಅರ್ಹತಾ ಸುತ್ತಿಗೆ ಇರುವುದು ಅಷ್ಟೇ. ಅದಕ್ಕಿಂತ ಹೆಚ್ಚು ಹೊಡೆದರೆ ದಣಿದ ದೇಹ ತಪ್ಪನ್ನೇ ಕಲಿಯುತ್ತದೆ.

ಸಂಜೆ ಸಣ್ಣ ಸ್ಪರ್ಧೆ ಇಡುವುದುಂಟು, ಆಗ ಎಲ್ಲರ ಎದೆಯೂ ಹೊಡೆದುಕೊಳ್ಳುತ್ತದೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಅಂಕವನ್ನು ದಶಮಾಂಶದಲ್ಲಿ ಎಣಿಸುವಾಗ ಒಂದು ಗುಂಡಿಗೆ ಸಿಗಬಹುದಾದ ಅತಿ ಹೆಚ್ಚು ಅಂಕ 10.9. ಅಂಥ ಹೊತ್ತಿನಲ್ಲೂ ಮಾಡುವ ಕೆಲಸ ಬೇರೆ ಏನೂ ಅಲ್ಲ: ಕಾಲು, ಕೆನ್ನೆ, ಉಸಿರು, ಉಂಗುರ, ಬೆರಳು. ಅಂಕ ಎಣಿಸುವುದನ್ನು ಬೇರೆಯವರಿಗೆ ಬಿಟ್ಟು ಈ ಐದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೊಡೆಯಿರಿ.

ಮನೆಗೆ ಬಂದ ಮೇಲೆ

ಧರಿಸಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಎರಡು ದಿನದ ಎಲ್ಲ ಟಾರ್ಗೆಟ್ ಕಾಗದಗಳ ಮೇಲೂ ದಿನಾಂಕ, ಆಸರೆಯಿಂದ ಹೊಡೆದದ್ದೋ ನಿಂತು ಹೊಡೆದದ್ದೋ ಎಂಬುದನ್ನು ಬರೆಯಿರಿ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪಾದಗಳ ನಡುವಿನ ಅಂತರ, ಮೊಣಕೈ ಎಲ್ಲಿ ಕೂತಿತ್ತು, ಸೈಟ್ ಎಷ್ಟು ಕ್ಲಿಕ್ ತಿರುಗಿಸಲಾಯಿತು, ಯಾವ ಗುಂಡು ತಪ್ಪಿದೆ ಎಂದು ಕಾಗದ ನೋಡುವ ಮುಂಚೆಯೇ ನಿಮಗೆ ಅನಿಸಿತು ಎಂಬುದನ್ನೆಲ್ಲ ಅಂದು ರಾತ್ರಿಯೇ ಬರೆದಿಡಿ. ಸೋಮವಾರದ ಕೆಲಸದ ಗಡಿಬಿಡಿಯಲ್ಲಿ ಅರ್ಧ ಮರೆತುಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಶೂ ಹಾಕಿಕೊಂಡು, ಅದೇ ನಿಲುವಿನಲ್ಲಿ, ರೈಫಲ್ ಇಲ್ಲದೆಯೇ ಕಣ್ಣು ಮುಚ್ಚಿ ನಿಂತು ಅಭ್ಯಾಸ ಮಾಡಿ. ದೇಹ ಯಾವ ಕಡೆಗೆ ತೂಗುತ್ತದೆ ಎಂಬುದು ಮೂರನೆಯ ದಿನಕ್ಕೆ ತಿಳಿಯತೊಡಗುತ್ತದೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಮತ್ತೊಂದು ಶನಿವಾರ ರೇಂಜ್‌ಗೆ ಹೋದಾಗ ರೈಫಲ್ ಕೈಗೆ ಕೊಡುವ ಮುಂಚೆ ಒಳ್ಳೆಯ ಕೋಚ್ ಕೇಳುವುದು ಆ ನೋಟ್‌ಬುಕ್ ಅನ್ನೇ.